ಆನೆಯ ತೂಕ, ಮಾವುತನ ಕಣ್ಣು

ಮೈಸೂರಿನ ಧನ್ವಂತರಿ ರಸ್ತೆಯಲ್ಲಿ ಲಾರಿಗಳನ್ನು ತೂಗುವ ಒಂದು ವೇಬ್ರಿಡ್ಜ್ ಉಂಟು. ವರ್ಷದ ಉಳಿದ ದಿನಗಳಲ್ಲಿ ಅದರ ಮೇಲೆ ಏನು ಹತ್ತಿತು, ಏನು ಇಳಿಯಿತು ಎಂದು ಯಾರೂ ವಿಚಾರಿಸುವುದಿಲ್ಲ. ಆದರೆ ದಸರೆಗೆ ಇನ್ನೂ ಒಂದೂವರೆ ಎರಡು ತಿಂಗಳಿರುವಾಗ ಒಂದು ದಿನ ಅಲ್ಲಿ ಜನ ಮುತ್ತುತ್ತಾರೆ. ಕಾಡಿನ ಶಿಬಿರಗಳಿಂದ ಬಂದ ಆನೆಗಳು ಒಂದೊಂದಾಗಿ ಆ ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತವೆ. ಮಾರನೆಯ ದಿನ ಪತ್ರಿಕೆಗಳು, ಕುಸ್ತಿಯ ಜಟ್ಟಿಗಳ ಪಟ್ಟಿಯನ್ನು ಕೊಡುವಂತೆ, ಅವುಗಳ ತೂಕವನ್ನು ಅಚ್ಚುಮಾಡುತ್ತವೆ. ೨೦೨೫ರಲ್ಲಿ ಭೀಮನದು ೫,೪೬೫ ಕಿಲೋ, ಅಂಬಾರಿ ಹೊರುವ ಅಭಿಮನ್ಯುವಿನದು ೫,೩೬೦, ಏಕಲವ್ಯನದು ೫,೩೦೫. ಅಲ್ಲಿಂದ ಮುಂದೆ ಅರಮನೆಯ ಅಂಗಳದಲ್ಲಿ ವಿಶೇಷ ಆಹಾರ ಮೊದಲಾಗುತ್ತದೆ. ವಿಜಯದಶಮಿ ಹತ್ತಿರ ಬಂದಾಗ ಮತ್ತೆ ತೂಗುತ್ತಾರೆ. ಯಾವ ಆನೆ ಎಷ್ಟು ಏರಿತು ಎಂಬುದು ಮತ್ತೊಂದು ಸುದ್ದಿ.

ಈ ಪಟ್ಟಿಯಲ್ಲಿ ಏಕಲವ್ಯನೆಂಬ ಹೆಸರು ಚಿಕ್ಕಮಗಳೂರಿನ ಕಡೆಯವರ ಕಣ್ಣಿಗೆ ಬೇಗನೆ ಬೀಳುತ್ತದೆ. ಆ ಆನೆಯನ್ನು ಸೆರೆಹಿಡಿದದ್ದು ೨೦೨೨ರಲ್ಲಿ, ಮೂಡಿಗೆರೆಯ ಕಾಡಿನಲ್ಲಿ. ಅದು ದಸರೆಗೆ ಮೊದಲು ಬಂದದ್ದು ೨೦೨೪ರಲ್ಲಿ. ಆಗಿನ ತೂಕ ೪,೭೩೦ ಕಿಲೋ. ಒಂದೇ ವರ್ಷದಲ್ಲಿ ಐನೂರೆಪ್ಪತ್ತೈದು ಕಿಲೋ ಹೆಚ್ಚಿತು. ಮಲ್ಲಂದೂರಿನಿಂದ ಮುತ್ತೋಡಿಯ ಕಾಡಿನವರೆಗೆ, ಅತ್ತ ಮೂಡಿಗೆರೆಯಿಂದ ಕಳಸದವರೆಗೆ, ಕಾಫಿ ತೋಟದ ಮನೆಗಳಲ್ಲಿ ಆನೆಯ ಹೊಟ್ಟೆ ಎಂದರೆ ಹೆದರಿಕೆಯ ಮಾತು. ರಾತ್ರಿ ಬಂದು ಹಲಸು ಕೆಡವಿ, ಬಾಳೆ ಸಿಗಿದು, ಬಗನೆಯ ಮರವನ್ನು ಉರುಳಿಸಿ, ಗದ್ದೆಯ ಭತ್ತವನ್ನು ತುಳಿದು ಹೋಗುವ ಆ ಹೊಟ್ಟೆಗೆ ಇಲ್ಲಿ ಶಾಪವೇ ಹೆಚ್ಚು. ಅದೇ ಹೊಟ್ಟೆಗೆ ಮೈಸೂರಿನಲ್ಲಿ ಬೆಣ್ಣೆ ಸವರಿದ ಉಂಡೆ! ಕಳ್ಳನಾಗಿ ತಿಂದದ್ದಕ್ಕೆ ಲೆಕ್ಕವಿಡುವವರು ತೋಟದವರು. ಅತಿಥಿಯಾಗಿ ತಿಂದದ್ದಕ್ಕೆ ಲೆಕ್ಕವಿಡುವುದು ಸರ್ಕಾರ. ಪ್ರಾಣಿಯನ್ನು ಒಂದು ದಿನಕ್ಕೆ, ಒಂದು ತೂಕಕ್ಕೆ ಸಿದ್ಧಗೊಳಿಸುವ ಈ ವಿದ್ಯೆಯ ಹಿಂದೆ ಉದ್ದವಾದ ಚರಿತ್ರೆಯಿದೆ. ಅದನ್ನು ತಿಳಿಯದೆ ಬರಿಯ ಅಂಕಿಗಳನ್ನು ಓದಿದರೆ ಅವುಗಳ ಅರ್ಥವನ್ನು ತಪ್ಪಾಗಿ ತಿಳಿಯುವ ಅಪಾಯವುಂಟು.

ಪ್ರಾಣಿಯನ್ನು ಕೊಬ್ಬಿಸುವುದೆಂದರೆ ಲೋಕದಲ್ಲಿ ಸಾಮಾನ್ಯವಾಗಿ ಕತ್ತಿಗೆ ಸಿದ್ಧಮಾಡುವುದೆಂದೇ ಅರ್ಥ. ಬೌದ್ಧರ ಜಾತಕ ಕಥೆಗಳಲ್ಲಿ ಮುನಿಕನೆಂಬ ಹಂದಿ ಬರುತ್ತದೆ. ಮನೆಯ ಮಗಳ ಮದುವೆಗೆಂದು ಅದಕ್ಕೆ ಅನ್ನದ ಊಟ; ದುಡಿಯುವ ಎತ್ತುಗಳಿಗೆ ಹುಲ್ಲು. ಕಿರಿಯ ಎತ್ತು ಹೊಟ್ಟೆಕಿಚ್ಚುಪಟ್ಟಾಗ ಹಿರಿಯ ಎತ್ತು ಸಮಾಧಾನ ಹೇಳುತ್ತದೆ: ಅದು ಉಣ್ಣುತ್ತಿರುವುದು ಸಾವಿನ ಊಟ. ಜೈನರ ಉತ್ತರಾಧ್ಯಯನ ಸೂತ್ರದ ಏಳನೆಯ ಅಧ್ಯಯನದಲ್ಲಿ ಹಂದಿಯ ಬದಲು ಟಗರು. ಮದುವೆಯ ಬದಲು ಬರಲಿರುವ ಅತಿಥಿ. ಕಥೆಯ ತಿರುಳು ಒಂದೇ. ಎರಡು ಮತಗಳ ಹಿರಿಯರೂ ಮನುಷ್ಯನ ಭೋಗಲಾಲಸೆಗೆ ಇದಕ್ಕಿಂತ ಒಳ್ಳೆಯ ಉಪಮೆಯನ್ನು ಕಾಣಲಿಲ್ಲವೆಂದರೆ, ಕೊಬ್ಬಿಸುವ ಪದ್ಧತಿ ಆಗಿನ ಕೇಳುಗರಿಗೆ ಎಷ್ಟು ಪರಿಚಿತವಾಗಿದ್ದಿರಬೇಕು!

ಪಶ್ಚಿಮದವರು ಇದನ್ನು ಪ್ರದರ್ಶನದ ಕಲೆಯಾಗಿ ಮಾಡಿದರು. ಲಂಡನ್ನಿನ ಸ್ಮಿತ್‌ಫೀಲ್ಡ್ ಕ್ಲಬ್ಬು ೧೭೯೮ರಲ್ಲಿ ಹುಟ್ಟಿದ್ದೇ ಕೊಬ್ಬಿದ ಪಶುಗಳ ಸ್ಪರ್ಧೆಗಳನ್ನು ನಡೆಸಲು. ಹಂದಿ, ಎತ್ತು, ಕುರಿಗಳು ನೋಟಕ್ಕೆ ನಿಂತು ಬಹುಮಾನ ಗೆದ್ದುವು. ಬಹುಮಾನದ ನಂತರ ಕಸಾಯಿಯ ಅಂಗಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿಗಳು ಯಾವ ಪ್ರಾಣಿಗೆ ಎಷ್ಟು ಸಸಾರಜನಕ, ಎಷ್ಟು ಪಿಷ್ಟ ಎಂದು ಕೋಷ್ಟಕಗಳನ್ನೇ ರಚಿಸಿದರು. ವುಲ್ಫ್ ಎಂಬಾತ ೧೮೬೪ರಲ್ಲಿ ಮಾಡಿದ್ದನ್ನು ಲೇಮನ್ ಎಂಬಾತ ಮುಂದೆ ತಿದ್ದಿದ. ಇಂಗ್ಲಿಷ್ ಹಾಸ್ಯಗಾರ ವುಡ್‌ಹೌಸ್ ೧೯೨೭ರಲ್ಲಿ ಬರೆದ ಕಥೆಯೊಂದರಲ್ಲಿ ಜಮೀನುದಾರನೊಬ್ಬನ ಬಹುಮಾನದ ಹಂದಿಗೆ ಈ ಕೋಷ್ಟಕದ ಪ್ರಕಾರವೇ ಆಹಾರ. ಆದರೂ ಅದು ಒಂದು ದಿನ ತಿನ್ನುವುದನ್ನು ಬಿಟ್ಟುಬಿಡುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದ ಆಳು ಜೈಲಿಗೆ ಹೋಗಿರುತ್ತಾನೆ. ಊಟಕ್ಕೆ ಕರೆಯುವ ಆ ಪರಿಚಿತ ಕೂಗಿಲ್ಲದೆ ಹಂದಿಗೆ ಊಟ ಸೇರುವುದಿಲ್ಲ. ನಗಿಸಲು ಬರೆದದ್ದು ನಿಜ. ಆದರೆ ಕೋಷ್ಟಕ ಉಣ್ಣಿಸುವುದಿಲ್ಲ, ಕೈ ಉಣ್ಣಿಸುತ್ತದೆ ಎಂಬ ಆ ತತ್ವವನ್ನು ನಮ್ಮ ಮಾವುತರು ಯಾವ ಪುಸ್ತಕವನ್ನೂ ಓದದೆ ಬಲ್ಲರು.

ಆನೆಯ ಸಂಗತಿ ಬೇರೆ. ಅದು ತೂಗಬೇಕಾದದ್ದು ತಿನ್ನುವವರಿಗಾಗಿ ಅಲ್ಲ, ಹೊರುವುದಕ್ಕಾಗಿ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಈ ವ್ಯತ್ಯಾಸ ಸೊಗಸಾಗಿ ಕಾಣುತ್ತದೆ. ಅದರಲ್ಲಿ ಹಂದಿ ಬರುವುದು ಅನ್ನಭೋಗದ ಪ್ರಕರಣದಲ್ಲಿ: ಕೂದಲು ಸುಟ್ಟು, ಬೇಯಿಸಿ, ಹುರಿಯುವ ವಿಧಾನ. ಆನೆ ಬರುವುದು ಸೈನ್ಯದ ಮತ್ತು ವಿನೋದಗಳ ಪ್ರಕರಣಗಳಲ್ಲಿ: ಹಿಡಿಯುವುದು, ಪಳಗಿಸುವುದು, ಬಯಲಿನಲ್ಲಿ ಓಡಿಸಿ ತೋರಿಸುವುದು. ಕರ್ಣಾಟಕದಲ್ಲಿ ಈ ವಿದ್ಯೆ ಅದಕ್ಕಿಂತಲೂ ಹಳೆಯದು. ಎಂಟನೆಯ ಶತಮಾನದ ಗಂಗ ದೊರೆ ಶ್ರೀಪುರುಷ ಗಜಶಾಸ್ತ್ರವನ್ನು ಬರೆದನೆಂದು ಪ್ರತೀತಿ. ಅವನ ಮಗ ಶಿವಮಾರನ ಗಜಾಷ್ಟಕವನ್ನು ಭತ್ತ ಕುಟ್ಟುವ ಹೆಂಗಸರು ಒನಕೆವಾಡಾಗಿ ಹಾಡುತ್ತಿದ್ದರೆಂದು ಶಾಸನ ಸಾರುತ್ತದೆ. ಆ ಕೃತಿ ನಮಗೆ ದೊರಕಿಲ್ಲ. ಆನೆಯ ಶಾಸ್ತ್ರ ಒನಕೆಯ ಹಾಡಾಗಬಲ್ಲ ನಾಡಿನಲ್ಲಿ ಅದರ ಊಟ ಪಂಡಿತರಿಗೆ ಮಾತ್ರ ಸೇರಿದ ವಿಷಯವಾಗಿರಲಿಲ್ಲವೆಂಬುದು ಸ್ಪಷ್ಟ.

ಆನೆಗೆ ಎಷ್ಟು ಹಾಕಬೇಕೆಂದು ಅಳತೆಯಿಟ್ಟು ಹೇಳುವ ಹಳೆಯ ಗ್ರಂಥವೆಂದರೆ ಕೌಟಿಲ್ಯನ ಅರ್ಥಶಾಸ್ತ್ರ. ಕೇಳುವುದಕ್ಕೆ ಕಾಕತಾಳೀಯವೆನ್ನಿಸಬಹುದು, ಆ ಗ್ರಂಥ ಆಧುನಿಕ ಲೋಕಕ್ಕೆ ತಿಳಿದುಬಂದದ್ದೂ ಮೈಸೂರಿನಿಂದಲೇ. ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಕೊಟ್ಟ ಓಲೆಗರಿಯ ಪ್ರತಿಯನ್ನು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚುಮಾಡಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಅದರ ಎರಡನೆಯ ಅಧಿಕರಣದಲ್ಲಿ ಹಸ್ತ್ಯಧ್ಯಕ್ಷನ ಕರ್ತವ್ಯಗಳಿವೆ. ಒಂದು ದ್ರೋಣ ಅಕ್ಕಿ, ಅರ್ಧ ಆಢಕ ಎಣ್ಣೆ, ಮೂರು ಪ್ರಸ್ಥ ತುಪ್ಪ, ಹತ್ತು ಪಲ ಉಪ್ಪು, ಐವತ್ತು ಪಲ ಮಾಂಸ. ಜೊತೆಗೆ ಬೆಲ್ಲ, ಮೊಸರು ಅಥವಾ ರಸ, ಒಂದು ಆಢಕ ಮದ್ಯ ಅಥವಾ ಅದರ ಎರಡರಷ್ಟು ಹಾಲು. ಸಸ್ಯಾಹಾರಿಯಾದ ಆನೆಗೆ ಮಾಂಸವೇ ಎಂದು ವಾಚಕರು ಹುಬ್ಬೇರಿಸಬಹುದು. ದುಡಿಯುವ ಮೈಗೆ ಬಲ ಬರುತ್ತದೆಂಬುದು ಆಗಿನವರ ನಂಬಿಕೆ. ಹಸಿ ಮೇವು ಎರಡು ಭಾರ, ಎಳೆಹುಲ್ಲು ಎರಡೂಕಾಲು, ಒಣಹುಲ್ಲು ಎರಡೂವರೆ. ಇಷ್ಟೆಲ್ಲವನ್ನೂ ಪಲ ಪ್ರಸ್ಥಗಳಲ್ಲಿ ಅಳೆದ ಶಾಸ್ತ್ರಕಾರ ದಂಟು ಸೊಪ್ಪುಗಳಂಥ ಮೇವಿನ ಬಳಿಗೆ ಬಂದಾಗ ಕೈಚೆಲ್ಲಿ, ಅದಕ್ಕೆ ನಿಯಮವಿಲ್ಲ ಎನ್ನುತ್ತಾನೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಮೊದಲನೆಯದು, ಆಹಾರವನ್ನು ಗೊತ್ತುಮಾಡುವಾಗ ಕೌಟಿಲ್ಯ ನೋಡುವುದು ಆನೆಯ ಎತ್ತರ ಮತ್ತು ವಯಸ್ಸನ್ನು, ತೂಕವನ್ನಲ್ಲ. ಏಳು ಅರತ್ನಿ ಎತ್ತರದ, ನಲವತ್ತು ವರ್ಷದ ಆನೆ ಉತ್ತಮ; ಮೂವತ್ತರದು ಮಧ್ಯಮ; ಇಪ್ಪತ್ತೈದರದು ಅದಕ್ಕಿಂತ ಕೆಳಗೆ. ಕೆಳಗಿನ ದರ್ಜೆಗಳಿಗೆ ಕಾಲು ಕಾಲು ಭಾಗ ಕಡಿಮೆ ಪಡಿ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಆನೆಯ ಮೈ ತುಂಬಿಕೊಳ್ಳುವ ಹಂತಗಳನ್ನು ಅವನು ಶೋಭೆ ಎಂದು ಕರೆದು ಏಳಾಗಿ ಎಣಿಸುತ್ತಾನೆ. ರಕ್ತ ತುಂಬಿ ಕಳೆ ಬಂದದ್ದು, ಎಲುಬು ಮುಚ್ಚಿದ್ದು, ಪಕ್ಕೆ ಮೆತ್ತಿಕೊಂಡದ್ದು, ಎರಡು ಮಗ್ಗುಲೂ ಸಮವಾದದ್ದು, ಮಾಂಸ ಹರಡಿಕೊಂಡದ್ದು, ಬೆನ್ನು ಹಾಸಿನಂತೆ ಸಮತಟ್ಟಾದದ್ದು, ಕೊನೆಗೆ ಬೆನ್ನಿನ ನಡುವೆ ದೋಣಿಯಂತೆ ತಗ್ಗು ಬಿದ್ದದ್ದು. ಈ ಶೋಭೆಯನ್ನೂ ಋತುವನ್ನೂ ನೋಡಿಯೇ ಆನೆಗೆ ಕೆಲಸ ಕೊಡಬೇಕೆಂದು ವಿಧಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ತಕ್ಕಡಿಯಿಲ್ಲದೆ, ಕಣ್ಣೊಂದರಿಂದಲೇ ಮಾಡಿದ ಅಳತೆ ಇದು.

ಈ ಕಣ್ಣಳತೆ ಕೇವಲ ಪುರಾತನರ ಚಮತ್ಕಾರವಲ್ಲ. ತಮಿಳುನಾಡಿನ ಪ್ರಸಿದ್ಧ ಆನೆವೈದ್ಯ ವಿ. ಕೃಷ್ಣಮೂರ್ತಿಯವರೂ ಅವರ ಸಂಗಡಿಗರೂ ಏಷ್ಯಾದ ಆನೆಗಳ ಮೈಕಟ್ಟನ್ನು ಅಳೆಯುವ ಒಂದು ಕ್ರಮವನ್ನು ೨೦೦೬ರಲ್ಲಿ ಪ್ರಕಟಿಸಿದರು. ಕಣತಲೆ, ಹೆಗಲ ಮೂಳೆ, ಪಕ್ಕೆಲುಬು, ಬೆನ್ನುಮೂಳೆ ಮೊದಲಾದ ಆರು ಕಡೆ ಕಣ್ಣಿಟ್ಟು ನೋಡಿ, ಸೊನ್ನೆಯಿಂದ ಹನ್ನೊಂದರವರೆಗೆ ಅಂಕ ಕೊಡುವುದು. ತಗ್ಗು ಎಷ್ಟು, ತುಂಬು ಎಷ್ಟು ಎಂಬುದೇ ಅಲ್ಲಿಯ ಪರೀಕ್ಷೆ. ಕೌಟಿಲ್ಯನ ಏಳು ಶೋಭೆಗಳಿಗೂ ಇದಕ್ಕೂ ನಡುವೆ ಇರುವ ಅಂತರ ಭಾಷೆಯದೇ ಹೊರತು ನೋಟದ್ದಲ್ಲ.

ತೂಗುವ ಆಸೆ ಹಿಂದಿನವರಿಗೆ ಇರಲಿಲ್ಲವೆಂದಲ್ಲ. ಚೀನಾದ ಚಾವೋ ಚೋಂಗ್ ಎಂಬ ಬಾಲಕ ಆನೆಯನ್ನು ದೋಣಿಗೆ ಹತ್ತಿಸಿ, ನೀರು ಬಂದ ಮಟ್ಟಕ್ಕೆ ಗೆರೆ ಎಳೆದು, ಅದೇ ಗೆರೆ ಮುಳುಗುವವರೆಗೆ ಕಲ್ಲು ತುಂಬಿ ತೂಕ ಕಂಡುಹಿಡಿದನೆಂಬ ಕಥೆ ಮೂರನೆಯ ಶತಮಾನದ ಆರಂಭದ ಕಾಲಕ್ಕೆ ಸೇರಿದ್ದು. ಇದೇ ಯುಕ್ತಿ ಭಾರತದಿಂದ ಹೋಗಿ ಐದನೆಯ ಶತಮಾನದಲ್ಲಿ ಚೀನೀ ಭಾಷೆಗೆ ಇಳಿದ ಬೌದ್ಧ ಕಥೆಯೊಂದರಲ್ಲಿಯೂ ಉಂಟು. ಆದರೆ ಎರಡು ಕಡೆಯೂ ಅದು ಬುದ್ಧಿಯ ಪರೀಕ್ಷೆ. ಆನೆಯನ್ನು ಸಾಕುವುದಕ್ಕೆ ಬೇಕಾದ ಲೆಕ್ಕವಲ್ಲ. ಮಾವುತನಿಗೆ ಬೇಕಾದ ಲೆಕ್ಕ ನೆಲದ ಮೇಲೆಯೇ ಬಿದ್ದಿರುತ್ತದೆ: ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಸುಮಾರಾಗಿ ಆನೆಯ ಎತ್ತರ.

ಉಣ್ಣಿಸುವುದನ್ನು ಕಣ್ಣಾರೆ ಕಂಡು ಬರೆದವನು ಅಬ್ದುಲ್ ರಜಾಕ್. ಪಾರಸಿಕ ದೊರೆ ಶಾ ರುಖನ ರಾಯಭಾರಿಯಾಗಿ ೧೪೪೩ರಲ್ಲಿ ಅವನು ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯ ಆಳುತ್ತಿದ್ದ. ಮಹಾನವಮಿಯ ಉತ್ಸವವನ್ನೂ ಅಲಂಕರಿಸಿ ನಿಲ್ಲಿಸಿದ ಆನೆಗಳನ್ನೂ ವರ್ಣಿಸುವ ಆ ಪ್ರವಾಸಿ ಆನೆಯ ಅಡುಗೆಮನೆಗೂ ಹೋಗಿಬಂದವನಂತೆ ಬರೆಯುತ್ತಾನೆ. ಅವುಗಳಿಗೆ ದಿನಕ್ಕೆರಡು ಹೊತ್ತು ಖಿಚಡಿ. ಬೆಂದದ್ದನ್ನು ಕಡಾಯಿಯಿಂದ ತೆಗೆದು, ಉಪ್ಪು ಉದುರಿಸಿ, ಬೆಲ್ಲ ಬೆರೆಸಿ, ದೊಡ್ಡ ದೊಡ್ಡ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. ಇವುಗಳಲ್ಲಿ ಒಂದು ಮರೆತರೂ ಆನೆ ತನ್ನ ಪಾಲಕನ ಮೇಲೆ ಬೀಳುತ್ತಿತ್ತು. ಅರಸನೂ ಅವನನ್ನು ಕಠಿಣವಾಗಿ ದಂಡಿಸುತ್ತಿದ್ದ. ಪಡಿಯನ್ನು ಕದಿಯುವ ಕೈಗಳು ಎಲ್ಲ ಕಾಲದಲ್ಲಿಯೂ ಇದ್ದುವೆಂದು ಇದರಿಂದ ಊಹಿಸಬಹುದು. ಅರ್ಥಶಾಸ್ತ್ರವೂ ಮೇವು ಕೊಡದ, ಲಾಯವನ್ನು ಗಲೀಜಾಗಿಟ್ಟ ಆಳುಗಳ ಸಂಬಳ ಕತ್ತರಿಸುವಂತೆ ಹೇಳುತ್ತದೆ. ಆನೆ ಸೊರಗಿದರೆ ಆನೆಯನ್ನು ಕೇಳುವುದಲ್ಲ, ಉಣಿಸಿದವನನ್ನು ಕೇಳಬೇಕು ಎಂಬುದು ಹಿಂದಿನವರ ನ್ಯಾಯ.

ವಿಜಯನಗರದ ಆ ಉತ್ಸವವನ್ನು ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಅದು ಮೈಸೂರಿಗೆ ಬಂದು ಬೆಳೆದ ಕಥೆ ಎಲ್ಲರಿಗೂ ತಿಳಿದದ್ದು. ಆನೆಗಳನ್ನು ಒದಗಿಸುವ ಕೆಲಸಕ್ಕೆ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ೧೮೭೩-೭೪ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ದಾರಿ ತೋರಿಸಿದ; ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು ೧೯೭೧ರಲ್ಲಿ. ಇದೇ ಸ್ಯಾಂಡರ್ಸನ್ ೧೮೭೮ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಸರ್ಕಾರದ ಆನೆಗಳಿಗೆ ಗೊತ್ತುಪಡಿಸಿದ್ದ ಮೇವು ಸಾಲದೆಂದು ತಾನೇ ತೂಗಿನೋಡಿ ವಾದಿಸಿದ್ದಾನೆ. ಕಾಳಿನ ಪಡಿಗಿಂತ ಹೊಟ್ಟೆ ತುಂಬ ಹಸಿಮೇವು ಮುಖ್ಯವೆಂಬುದು ಅವನ ಅನುಭವ. ತಕ್ಕಡಿ ಹಿಡಿದವನೂ ಕೊನೆಗೆ ಬಂದು ನಿಂತದ್ದು ಸೊಪ್ಪಿನ ಬಳಿಯಲ್ಲಿಯೇ!

ಈಗ ಅರಮನೆಯ ಅಂಗಳದಲ್ಲಿ ನಡೆಯುವುದೇನು? ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಬಂದ ಆನೆಗಳಿಗೆ ಬೆಳಗ್ಗೆ ಸಂಜೆ ಬೇಯಿಸಿದ ಆಹಾರ: ಉದ್ದು, ಹೆಸರುಕಾಳು, ಗೋಧಿ, ಕುಸುಬಲಕ್ಕಿ, ಈರುಳ್ಳಿ, ತರಕಾರಿ, ಮೇಲೆ ಬೆಣ್ಣೆ. ಜೊತೆಗೆ ಕುಸುರೆ, ಎಂದರೆ ಭತ್ತ, ಬೆಲ್ಲ, ತೆಂಗಿನಕಾಯಿ, ಹಿಂಡಿಗಳನ್ನು ಒಳಗಿಟ್ಟು ಹುಲ್ಲಿನಲ್ಲಿ ಸುತ್ತಿದ ಕಟ್ಟು. ಇವೆಲ್ಲದರ ಮೇಲೆ ಆಲದ ಸೊಪ್ಪು, ಹಸಿಹುಲ್ಲು, ಕಬ್ಬು. ಅಬ್ದುಲ್ ರಜಾಕ್ ಈಗ ಬಂದರೂ ಅಡುಗೆಯನ್ನು ಗುರುತು ಹಿಡಿದಾನು. ಊಟದ ಜೊತೆಗೆ ದಿನವೂ ಅರಮನೆಯಿಂದ ಬನ್ನಿಮಂಟಪದವರೆಗೆ ನಡಿಗೆ. ಮೊದಲು ಬರಿಮೈ, ಆಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. ಹೊರೆ ಏರುತ್ತ ಹೋದಂತೆ ಮೈಯೂ ಗಟ್ಟಿಯಾಗಬೇಕು. ಚಿನ್ನದ ಅಂಬಾರಿ ಸುಮಾರು ೭೫೦ ಕಿಲೋ. ೫,೩೬೦ ಕಿಲೋ ತೂಗುವ ಆನೆಗೆ ಅದು ತನ್ನ ಮೈಯ ಏಳನೆಯ ಒಂದು ಪಾಲು. ಆನೆ ಹಗುರವಾದಷ್ಟೂ ಅದೇ ಅಂಬಾರಿಯ ಪಾಲು ದೊಡ್ಡದಾಗುತ್ತದೆ. ತೂಕಕ್ಕೆ ಅರ್ಥವಿರುವುದು ಇಲ್ಲಿ; ಪತ್ರಿಕೆಯ ಪಟ್ಟಿಯಲ್ಲಿ ಯಾರು ಮೊದಲು ಎಂಬುದರಲ್ಲಲ್ಲ.

ಏಕೆಂದರೆ ತೂಕ ಏರಿಸುವುದು ನೇರವಾದ ದಾರಿಯಲ್ಲ. ಆನೆ ದಿನಕ್ಕೆ ನೂರೈವತ್ತು ಇನ್ನೂರು ಕಿಲೋ ಮೇವು ತಿಂದರೂ ಅದರಲ್ಲಿ ಮೈಗೆ ಹತ್ತುವುದು ಅರ್ಧಕ್ಕಿಂತ ಕಡಿಮೆ. ಸೊಪ್ಪು ನಾರುಗಳಿಗೆ ಹೊಂದಿಕೊಂಡ ಆ ಹೊಟ್ಟೆಗೆ ಕಾಳು ಬೆಲ್ಲಗಳನ್ನು ಒಮ್ಮೆಲೇ ಸುರಿದರೆ ಹೊಟ್ಟೆಯುಬ್ಬರ, ಶೂಲೆ. ಅತಿಯಾಗಿ ಕೊಬ್ಬಿದರೆ ಭಾರ ಬೀಳುವುದು ಕಾಲ ಕೀಲುಗಳಿಗೆ, ಅಂಗಾಲಿಗೆ. ಗಂಡಾನೆಯ ವಿಷಯದಲ್ಲಿ ಮತ್ತೊಂದು ತೊಡಕುಂಟು. ಚೆನ್ನಾಗಿ ಉಂಡು ಮೈದುಂಬಿದ ಆನೆಗೆ ಮದ ಬರುವುದು ಸಹಜ. ಹೊಟ್ಟೆಗಿಲ್ಲದ ಆನೆಗೆ ಮದವೂ ದೂರ. ಮದ ಬಂದರೆ ಅದನ್ನು ಮೆರವಣಿಗೆಯ ಜನದ ನಡುವೆ ನಡೆಸುವಂತಿಲ್ಲ. ಹಾಗಾಗಿ ಉಣ್ಣಿಸುವುದೂ ವಿದ್ಯೆ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ವಿದ್ಯೆ. ಈ ಎರಡರ ನಡುವಿನ ಕೂದಲೆಳೆಯ ದಾರಿಯನ್ನು ವೇಬ್ರಿಡ್ಜು ತೋರಿಸಲಾರದು. ಜೇನುಕುರುಬ ಮಾವುತನ ಕಣ್ಣು ತೋರಿಸಬಲ್ಲದು: ಕಣತಲೆ ತುಂಬಿದೆಯೆ, ಲದ್ದಿ ಸರಿಯಾಗಿದೆಯೆ, ಉಂಡೆಯನ್ನು ಸೊಂಡಿಲು ಚಾಚಿ ಕೇಳುತ್ತಿದೆಯೆ, ಇಲ್ಲವೆ ಮುಖ ತಿರುಗಿಸುತ್ತಿದೆಯೆ? ಕಾವಾಡಿಯ ಕೈಯಿಂದ ತಿಂದದ್ದನ್ನು ಆನೆ ಹೊಸಬನ ಕೈಯಿಂದ ತಿನ್ನದಿರಬಹುದು. ವುಡ್‌ಹೌಸನ ಹಂದಿಯ ಕಥೆ ನಮ್ಮಲ್ಲಿ ಹಾಸ್ಯವಲ್ಲ, ದಿನಚರಿ.

ಹೊತ್ತ ಆನೆಗಳ ಬಾಳು ಕೊನೆಗೊಂಡ ಬಗೆಯನ್ನು ನೆನೆದರೆ ಈ ಅಂಕಿಗಳ ಹೊಳಪು ಸ್ವಲ್ಪ ಮಾಸುತ್ತದೆ. ಬಹುಕಾಲ ಅಂಬಾರಿ ಹೊತ್ತ ದ್ರೋಣ ೧೯೯೮ರಲ್ಲಿ ಕಾಡಿನಲ್ಲಿ ಮೇಯುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಸತ್ತ. ಅವನ ನಂತರ ೨೦೧೧ರವರೆಗೆ ಹೊತ್ತ ಬಲರಾಮ ೨೦೨೩ರಲ್ಲಿ ತೀರಿಕೊಂಡ. ೨೦೧೨ರಿಂದ ೨೦೧೯ರವರೆಗೆ ಎಂಟು ಬಾರಿ ಹೊತ್ತ ಅರ್ಜುನನಿಗೆ ಅರುವತ್ತು ತುಂಬಿದಾಗ, ಆ ವಯಸ್ಸಿನ ಆನೆಗೆ ಭಾರ ಹೊರಿಸಬಾರದೆಂಬ ನಿಯಮದಂತೆ ೨೦೨೦ರಲ್ಲಿ ಅಂಬಾರಿ ಅಭಿಮನ್ಯುವಿಗೆ ಹೋಯಿತು. ನಿಯಮ ಒಳ್ಳೆಯದೇ. ಆದರೆ ಚಿನ್ನ ಹೊರುವುದಕ್ಕೆ ಮುದುಕನಾದ ಅರ್ಜುನ ಕಾದುವುದಕ್ಕೆ ಮುದುಕನಾಗಿರಲಿಲ್ಲವೆಂದು ಕಾಣುತ್ತದೆ! ೨೦೨೩ರ ಡಿಸೆಂಬರ್ ೪ರಂದು ಸಕಲೇಶಪುರದ ಯಸಳೂರಿನ ಬಳಿ, ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ, ಆ ಕಾಡಾನೆಯೊಡನೆ ಹೋರಾಡಿ ಅವನು ಸತ್ತ. ಅದೂ ನಮ್ಮ ಕಾಫಿಯ ಬೆಟ್ಟಗಳ ಸಾಲಿನಲ್ಲಿಯೇ. ಅರಮನೆಯಲ್ಲಿ ಕೂಡಿಟ್ಟ ಬಲ ತೋಟದಂಚಿನಲ್ಲಿ ಖರ್ಚಾಯಿತು.

ಮುನಿಕನ ಊಟಕ್ಕೂ ಆನೆಯ ಊಟಕ್ಕೂ ಇರುವ ವ್ಯತ್ಯಾಸ ಪ್ರಾಣಿಯಲ್ಲಿಲ್ಲ, ಉಣ್ಣಿಸುವವನ ಉದ್ದೇಶದಲ್ಲಿದೆ. ಹಬ್ಬದ ದಿನಕ್ಕೆ ಮಾತ್ರ ಮೈ ತುಂಬಿಸಿ, ಅಂಕಿಯನ್ನು ಅಚ್ಚುಮಾಡಿ, ಆಮೇಲೆ ಮರೆತುಬಿಟ್ಟರೆ ಅದೂ ಒಂದು ಬಗೆಯ ಮದುವೆಯ ಊಟವೇ. ಹೊರೆಗೆ ತಕ್ಕ ಮೈ, ಮೈಗೆ ತಕ್ಕ ಮೇವು, ವಯಸ್ಸಿಗೆ ತಕ್ಕ ವಿಶ್ರಾಂತಿ ಎಂಬ ಹಳೆಯ ಶೋಭೆಯ ಲೆಕ್ಕವನ್ನು ವರ್ಷದ ಎಲ್ಲ ದಿನವೂ ಇಟ್ಟುಕೊಂಡರೆ ವೇಬ್ರಿಡ್ಜು ಆ ಕಣ್ಣಿಗೆ ಒಳ್ಳೆಯ ಸಾಕ್ಷಿಯಾದೀತು.

ಇನ್ನುಳಿದದ್ದು ಕೌಟಿಲ್ಯ ನಿಯಮವಿಲ್ಲವೆಂದು ಬಿಟ್ಟ ಆ ಒಂದು ಬಾಬು. ಅಕ್ಕಿ, ಎಣ್ಣೆ, ತುಪ್ಪ, ಉಪ್ಪುಗಳು ಉಗ್ರಾಣದಿಂದ ಬರತಕ್ಕವು. ಆದ್ದರಿಂದ ಅವಕ್ಕೆ ಅಳತೆ. ಸೊಪ್ಪು ಕಾಡಿನದು, ಎಷ್ಟು ಬೇಕಾದರೂ ಇದೆ. ಆದ್ದರಿಂದ ಅದಕ್ಕೆ ಅಳತೆಯಿಲ್ಲ. ಎರಡು ಸಾವಿರ ವರ್ಷಗಳ ನಂತರ ಲೆಕ್ಕ ತಲೆಕ�ಳಗಾಗಿದೆ. ಮೈಸೂರಿನ ಉಗ್ರಾಣದಲ್ಲಿ ಅಕ್ಕಿ ಬೆಣ್ಣೆಗಳಿಗೆ ಕೊರತೆಯಿಲ್ಲ. ಮಲ್ಲಂದೂರು ಮೂಡಿಗೆರೆಗಳ ಬೆಟ್ಟಗಳಲ್ಲಿ ಕೊರತೆ ಬಿದ್ದಿರುವುದು ಸೊಪ್ಪಿಗೆ, ಬಿದಿರಿಗೆ, ಆನೆ ನಡೆಯುವ ದಾರಿಗೆ. ಆ ಕೊರತೆಯನ್ನು ತೂಗುವ ವೇಬ್ರಿಡ್ಜು ಎಲ್ಲಿಯೂ ಇಲ್ಲ. ತೋಟದ ಬೇಲಿಯ ಬಳಿ ರಾತ್ರಿಯಲ್ಲಿ ಕೇಳುವ ಕೊಂಬೆ ಮುರಿಯುವ ಸದ್ದೇ ಅದರ ತೂಕ.